ಕೇಪಳ, ಚೆಕ್ಕಿ, ತೆಟ್ಟಿ

ಅಕ್ಕ ನನಗೆ ಹೇಳಿದ್ದು ಒಂದೇ ಕೆಲಸ. ಕೇಪಳದ ಹೂ ಕೊಯ್ದು ಕಳಿಸು ಎಂದು. ನಾನು ಕೊಯ್ಯಲಿಲ್ಲ. ಕೊಯ್ಯಿಸಿದೆ.

ಈ ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ಎಂದು ಗೊತ್ತಾಗಲು ಅರ್ಧ ಗಂಟೆ ಸಾಕಾಯಿತು. ಒಪ್ಪಿಕೊಳ್ಳಲು ಮಾತ್ರ ಚಳಿಗಾಲ ಕಳೆದು ಬೇಸಿಗೆ ಬರಬೇಕಾಯಿತು.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನೆನಪಿರಬಹುದು. ಕಳೆದ ತಿಂಗಳು ಇದೇ ಜಾಗದಲ್ಲಿ, ಹೂಗಿಡಗಳಿಗೆ ಧೈರ್ಯವಾಗಿ ಕತ್ತರಿ ಹಾಕಿ ಎಂದು ನಿಮಗೆಲ್ಲ ಉಪದೇಶ ಮಾಡಿದ್ದೆ. ನಮ್ಮ ಅಂಗಳದ ಕೇಪಳದ ಸಾಲನ್ನು ನಾನು ಮೊಣಕಾಲೆತ್ತರಕ್ಕೆ ಇಳಿಸಿದೆ, ಈಗ ಹೇಗೆ ಹೂ ಬಿಟ್ಟಿದೆ ನೋಡಿ ಎಂದು ಫೋಟೋ ಸಮೇತ ಬರೆದಿದ್ದೆ. ಅದರಲ್ಲಿ ಫೋಟೋ ನಿಜ. ಹೂ ಕೂಡ ನಿಜ. ಉಳಿದದ್ದನ್ನು ಇವತ್ತು ಹೇಳುತ್ತೇನೆ.

ಮೊದಲು ಗಿಡದ ವಿಷಯ. ಇಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಬೇಸರ ಮಾಡಬೇಡಿ. ಬೋವಿಕಾನದಲ್ಲಿ ನನ್ನದೂ ಅಕ್ಕನದೂ ಒಂದೇ ಹಿತ್ತಿಲಿನ ಎರಡು ಮನೆ. ನಡುವೆ ಗೋಡೆ ಇಲ್ಲ. ಗೇಟಿನಿಂದ ಅಕ್ಕನ ಜಗಲಿಯವರೆಗೆ ದಾರಿಯ ಒಂದು ಬದಿಗೆ ಉದ್ದಕ್ಕೂ ಕೇಪಳ. ನರ್ಸರಿಯಲ್ಲಿ ಸಿಗುವ ಗಿಡ್ಡದ, ಹಳದಿಯದ್ದು, ಗುಲಾಬಿಯದ್ದು, ಅಂಥ ಫ್ಯಾನ್ಸಿ ಸಾಮಾನು ಯಾವುದೂ ಅಲ್ಲ. ಗುಡ್ಡೆಯ ಕೆಂಪು ಕೇಪಳ. ಆಡು ಮೇಯಿಸುವ ಕಡೆ, ಮುರಕಲ್ಲಿನ ಬಿರುಕಿನಲ್ಲಿ, ಯಾರೂ ನೀರು ಕೊಡದೆ ಬೆಳೆಯುವ ಜಾತಿ.

ಅದನ್ನು ಅಂಗಳಕ್ಕೆ ತಂದು ಬೆಳೆಸುವುದು ಸುಲಭ ಅಂದುಕೊಂಡಿರಾ? ಗುಡ್ಡೆಯಲ್ಲಿ ತಾನಾಗಿ ಬೆಳೆಯುವುದು ಅಂಗಳಕ್ಕೆ ಬಂದರೆ ಮುನಿಸಿಕೊಳ್ಳುತ್ತದೆ. ಅಕ್ಕ ಮಳೆ ಹಿಡಿಯುವ ಮೊದಲು ಗುಡ್ಡೆಗೆ ಹೋಗಿ ಕಡ್ಡಿ ತರುತ್ತಿದ್ದಳು. ಎಳೆಯದೂ ಆಗಬಾರದು, ಮುದಿಯದೂ ಆಗಬಾರದು, ಪೆನ್ಸಿಲಿನಷ್ಟು ದಪ್ಪ. ಕೆಳಗಿನ ಎಲೆ ತೆಗೆದು, ಮೇಲಿನ ಎಲೆಯನ್ನು ಅರ್ಧಕ್ಕೆ ಕತ್ತರಿಸಿ, ಮುರಮಣ್ಣಿಗೆ ಕೊಳೆತ ಗೇರೆಲೆ ಬೆರೆಸಿ, ಬಚ್ಚಲಿನ ಹಿಂದಿನ ನೆರಳಿನಲ್ಲಿ ಊರುತ್ತಿದ್ದಳು. ಮೊದಲ ವರ್ಷ ಹೆಚ್ಚಿನವು ಸತ್ತವು. ಕಾರಣ ನಾನು. ಬೇರು ಬಂತಾ ಎಂದು ದಿನಾ ಬೆಳಿಗ್ಗೆ ಕಡ್ಡಿಯನ್ನು ಎಳೆದು ನೋಡುತ್ತಿದ್ದೆ. (ಅವಳಿಗೆ ಗೊತ್ತಾದ ದಿನ ನನಗೆ ಚಹಾ ಸಿಗಲಿಲ್ಲ.)

ಬದುಕಿ ಉಳಿದವನ್ನು ದಾರಿಬದಿಗೆ ನೆಟ್ಟಳು. ಕಂಪೌಂಡ್ ಗೋಡೆಯ ಹತ್ತಿರ ನೆಟ್ಟದ್ದೆಲ್ಲ ಹಳದಿಗೆ ತಿರುಗಿತು. ಎಲೆಯ ನರ ಮಾತ್ರ ಹಸಿರು, ಉಳಿದದ್ದು ಕಾಮಾಲೆ ಬಂದ ಹಾಗೆ. ಗೊಬ್ಬರ ಸಾಲದು ಎಂದು ನಾನು. ಅಲ್ಲ, ಗೋಡೆಯ ಸುಣ್ಣ, ಸಿಮೆಂಟು ಮಳೆನೀರಿಗೆ ಇಳಿದು ಬೇರಿಗೆ ಬರುತ್ತಾ ಉಂಟು ಎಂದು ಅವಳು. ಅಷ್ಟನ್ನೂ ಅಗೆದು ದೂರಕ್ಕೆ ಸರಿಸಿದಳು. ಗಿಡ ಹಸಿರಾಯಿತು. ಕೇಪಳಕ್ಕೆ ನಮ್ಮ ಗುಡ್ಡೆಯ ಹುಳಿ ಮಣ್ಣೇ ಆಗಬೇಕು. ಹುಳಿ ಮಣ್ಣು ಸಿಕ್ಕಿದರೆ ಸಾಕು, ವರ್ಷವಿಡೀ ಹಸಿರು. ಎಲೆ ಉದುರಿಸಿ ಬೋಳಾಗಿ ನಿಲ್ಲುವ ಜಾಯಮಾನವೇ ಅದರದ್ದಲ್ಲ.

ಬೇಸಿಗೆಯಲ್ಲಿ ಬುಡಕ್ಕೆ ಗೇರೆಲೆಯ ಹಾಸು, ಸಂಜೆ ಅಕ್ಕಿ ತೊಳೆದ ನೀರು, ಆಗೀಗ ತೆಳ್ಳಗೆ ಕದಡಿದ ಸೆಗಣಿ. ಇಷ್ಟೇ ಅವಳ ವಿದ್ಯೆ. ಇಷ್ಟರಲ್ಲೇ ಆ ಸಾಲು ನನ್ನ ಎದೆಯ ಎತ್ತರಕ್ಕೆ ಬಂತು. ದಾರಿಯಲ್ಲಿ ಹೋಗುವ ಶಾಲೆ ಮಕ್ಕಳು ಗೇಟಿನ ಸಂದಿಯಿಂದ ಕೈ ಹಾಕಿ ಹೂವಿನ ನೂಲು ಎಳೆದು ಜೇನು ಹೀರುತ್ತಿದ್ದರು. ಅಕ್ಕ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಬೋವಿಕಾನಕ್ಕೆ ಬಂದವರಿಗೆ ನಮ್ಮ ಮನೆಯ ಗುರುತು ಹೇಳಲು ಬೇರೆ ಎಂತ ಬೇಕು? ಕೇಪಳದ ಮನೆ ಎಂದರೆ ಆಟೋದವರು ತಂದು ಬಿಡುತ್ತಾರೆ.

ಇನ್ನು ನನ್ನ ವಿಷಯ. ನಿಮಗೆ ಗೊತ್ತೇ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬಸ್‌ಸ್ಟ್ಯಾಂಡಿನ ಮೇಲಿನ ಮಾಳಿಗೆಯಲ್ಲಿ ಟೈಲರಿಂಗ್ ಶಾಪ್ ಇಟ್ಟವಳು. ಓದು ಅಷ್ಟಕ್ಕಷ್ಟೆ. ಆದರೆ ಭಾಷೆಯಲ್ಲಿ ನನ್ನನ್ನು ಯಾರೂ ಕೆಣಕಬಾರದು. ಕನ್ನಡದಲ್ಲಿ ಅಳತೆ ತೆಗೆಯುತ್ತೇನೆ, ತುಳುವಿನಲ್ಲಿ ಚರ್ಚೆ ಮಾಡುತ್ತೇನೆ, ಬ್ಯಾರಿಯಲ್ಲಿ ಲೇಟಾದದ್ದಕ್ಕೆ ಕಾರಣ ಹೇಳುತ್ತೇನೆ, ಮಲಯಾಳದಲ್ಲಿ ಬಟ್ಟೆ ಡೆಲಿವರಿ ಕೊಡುತ್ತೇನೆ. ಕಾಸರಗೋಡಿನವರಿಗೆ ಇದೆಲ್ಲ ಒಂದು ದೊಡ್ಡ ಸಂಗತಿಯೇ ಎಂದು ನೀವು ಕೇಳಬಹುದು. ನನಗೆ ದೊಡ್ಡ ಸಂಗತಿ. ಸರ್ಟಿಫಿಕೇಟ್ ಇಲ್ಲದವಳಿಗೆ ನಾಲಗೆಯೇ ಸರ್ಟಿಫಿಕೇಟ್.

ಆ ಸರ್ಟಿಫಿಕೇಟೇ ಕೈಕೊಟ್ಟಿತು.

ಕಳೆದ ಮಳೆಗಾಲದ ಕೊನೆಗೆ ಅಕ್ಕ ಮಗಳ ಬಾಣಂತನಕ್ಕೆಂದು ಮಂಗಲ್ಪಾಡಿಗೆ ಹೋದಳು. ಹೋಗುವಾಗ ಬೀಗದ ಕೈ ಕೊಟ್ಟಳು, ಬೆಕ್ಕನ್ನು ಒಪ್ಪಿಸಿದಳು, ಕೇಪಳದ ಸಾಲಿನ ಉದ್ದಕ್ಕೂ ಒಮ್ಮೆ ನಡೆದು ಬಂದಳು. ಬೆಕ್ಕಿನ ಬಗ್ಗೆ ಏನೂ ಹೇಳಲಿಲ್ಲ. ಗಿಡವನ್ನು ನೋಡಿಕೊ ಎಂದಳು.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಫೋನು. ಮಗುವಿಗೆ ಹಚ್ಚಲು ಎಣ್ಣೆ ಕಾಯಿಸಬೇಕು, ಕೇಪಳದ ಹೂ ಎಷ್ಟು ಉಂಟೋ ಅಷ್ಟೂ ಕೊಯ್ದು ಇಡು, ಮಧ್ಯಾಹ್ನ ಅಳಿಯ ಆ ಕಡೆ ಬರುತ್ತಾನೆ, ಅವನಲ್ಲಿ ಕೊಟ್ಟು ಕಳಿಸು ಎಂದು. ಕೇಪಳದ ಹೂವನ್ನು ತೆಂಗಿನೆಣ್ಣೆಯಲ್ಲಿ ಕುದಿಸಿ ಹಚ್ಚಿದರೆ ಎಳೆಮಗುವಿನ ಮೈಗೆ ಒಳ್ಳೆಯದು ಎಂಬುದು ನಮ್ಮಲ್ಲಿ ಎಲ್ಲ ಮನೆಯವರೂ ನಂಬಿದ ಮಾತು.

ಆವತ್ತು ನನಗೆ ಒಂದು ಮದುವೆಯ ಬ್ಲೌಸುಗಳು ಬಾಕಿ. ಮನೆಯಲ್ಲೇ ಮೆಷಿನ್ ಮುಂದೆ ಕೂತಿದ್ದೆ. ಹೂ ಕೊಯ್ಯಲು ಎದ್ದರೆ ಒಂದು ಗಂಟೆ ಹೋಯಿತು. ಹಾಗಿರುವಾಗ ಅಂಗಳದಲ್ಲಿ ರಾಘವೇಟ್ಟ ಇದ್ದರು.

ರಾಘವೇಟ್ಟ ಎಂದರೆ ಹುಲ್ಲು ಕಡಿಯುವ ಮೆಷಿನಿನವರು. ಏಟ್ಟ ಎಂದರೆ ಮಲಯಾಳದಲ್ಲಿ ಅಣ್ಣ. ನೀಲೇಶ್ವರದ ಕಡೆಯವರು, ಹೆಂಡತಿಯ ಊರೆಂದು ಇಲ್ಲಿಗೆ ಬಂದು ನೆಲೆಸಿದವರು. ಮಾತು ಕಡಿಮೆ. ಬರುವ ಮಾತೆಲ್ಲ ಮಲಯಾಳ. ಮಳೆ ಬಿಟ್ಟ ಮೇಲೆ ನಮ್ಮ ದಾರಿಯ ಅಷ್ಟೂ ಮನೆಗಳ ಹುಲ್ಲು ಅವರದೇ ಪಾಲು. ಹೆಗಲಿಗೆ ಮೆಷಿನ್ ಹಾಕಿಕೊಂಡು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿದ್ದರು.

ನಾನು ಕಿಟಕಿಯಿಂದಲೇ ಕೂಗಿ ಹೇಳಿದೆ. ನಮ್ಮ ಕಡೆ ಮಲಯಾಳದಲ್ಲಿ ಕೇಪಳಕ್ಕೆ ಚೆಕ್ಕಿ ಎನ್ನುತ್ತಾರೆ. "ರಾಘವೇಟ್ಟಾ, ಆ ಚೆಕ್ಕಿ ಮುಳುವನ್ ಕೊಯ್ಯಣಂ."

ಅಂದರೆ ಆ ಕೇಪಳ ಪೂರ್ತಿ ಕೊಯ್ಯಬೇಕು. ನನ್ನ ಲೆಕ್ಕದಲ್ಲಿ ಇದರಲ್ಲಿ ಎಂತ ತಪ್ಪುಂಟು? ಮಲ್ಲಿಗೆ ಕೊಯ್ದೆ ಎಂದರೆ ಮಲ್ಲಿಗೆಯ ಹೂ ಕೊಯ್ದೆ ಎಂದೇ ಅರ್ಥ, ಬಳ್ಳಿ ಕಡಿದೆ ಎಂದಲ್ಲ. ಕನ್ನಡದಲ್ಲಿ ಹಾಗೆ. ತಲೆಯಲ್ಲಿ ಕನ್ನಡ ಇಟ್ಟುಕೊಂಡು ಬಾಯಲ್ಲಿ ಮಲಯಾಳ ಮಾತಾಡಿದೆ. ಅಷ್ಟೆ.

ಮೆಷಿನಿನ ಸದ್ದು ನಿಂತಿತು. ಅವರು ಕಿಟಕಿಯ ಹತ್ತಿರ ಬಂದು, ಕೊಯ್ಯಬೇಕಾ, ಖಂಡಿತಕ್ಕೂ ಹೌದಾ ಎಂದು ಕೇಳಿದರು. ಒಮ್ಮೆ ಅಲ್ಲ, ಎರಡು ಸಲ. ಇದನ್ನು ನೆನಪಿಟ್ಟುಕೊಳ್ಳಿ. ಆ ಮನುಷ್ಯ ಎರಡು ಸಲ ಕೇಳಿದರು. ನಾನು ಹೊಲಿಗೆಯಿಂದ ತಲೆ ಎತ್ತದೆ, ಹೌದು, ಒಂದೂ ಬಾಕಿ ಇಡುವುದು ಬೇಡ ಎಂದೆ.

ಮತ್ತೆ ಮೆಷಿನ್ ಸುರುವಾಯಿತು. ಹೂ ಕೊಯ್ಯುವುದಕ್ಕೆ ಮೆಷಿನ್ ಎಂತಕ್ಕೆ ಎಂಬ ಯೋಚನೆ ಒಂದು ಕ್ಷಣಕ್ಕಾದರೂ ಬರಬೇಕಿತ್ತು. ಬರಲಿಲ್ಲ. ತೋಳಿನ ಕಟ್ಟಿಂಗ್ ಸರಿಮಾಡುತ್ತಿದ್ದೆ.

ಹೊರಗೆ ಬಂದು ನೋಡಿದರೆ ನಮ್ಮ ಮನೆ ನಮ್ಮದಲ್ಲ ಎಂಬ ಹಾಗೆ ಕಂಡಿತು. ಗೇಟಿನಿಂದ ಜಗಲಿಯವರೆಗೆ ಒಂದೇ ಅಳತೆಯಲ್ಲಿ, ಮೊಣಕಾಲೆತ್ತರಕ್ಕೆ, ಬರೀ ಕಡ್ಡಿ. ಗದ್ದೆ ಕೊಯ್ದ ಹಾಗೆ. ಎಷ್ಟು ನೀಟಾಗಿ ಎಂದರೆ, ಕೊಯ್ದ ಗೆಲ್ಲುಗಳನ್ನು ಹೂವಿನ ಕಡೆ ಒಂದೇ ದಿಕ್ಕಿಗೆ ಬರುವ ಹಾಗೆ ಕಟ್ಟು ಕಟ್ಟಿ ಸಾಲಾಗಿ ಮಲಗಿಸಿದ್ದರು. ಪೈರನ್ನು ಮಲಗಿಸುತ್ತಾರಲ್ಲ, ಹಾಗೆಯೇ. ಬೆವರು ಒರೆಸಿಕೊಂಡು, ಇಷ್ಟು ಸಾಕಲ್ಲ ಎಂಬ ಹಾಗೆ ನನ್ನ ಮುಖ ನೋಡಿದರು.

ಆಮೇಲೆ ಗೊತ್ತಾಯಿತು. ಮಲಯಾಳದಲ್ಲಿ ಕೊಯ್ಯುವುದು ಎಂದರೆ ಗದ್ದೆ ಕೊಯ್ಯುವುದು. ಹೂವನ್ನು ಕೊಯ್ಯುವುದಿಲ್ಲ, ಪರಿಕ್ಕುವುದು. ಸಣ್ಣಂದಿನಲ್ಲಿ ನೀಲೇಶ್ವರದ ಗದ್ದೆಗಳಲ್ಲಿ ಕತ್ತಿ ಹಿಡಿದವರಿಗೆ ಕೊಯ್ಯು ಎಂದರೆ ಕೈ ಬುಡಕ್ಕೇ ಹೋಗುತ್ತದೆ. ಇತ್ತ ನಮ್ಮ ಕನ್ನಡದಲ್ಲಿ ಪರಿ, ಹರಿ ಎಂದರೆ ಹರಿದು ಹಾಕುವುದು. ಅವರು ಪರಿದರೆ ಹೂ ಬುಟ್ಟಿಗೆ ಬರುತ್ತದೆ, ನಾವು ಕೊಯ್ದರೆ ಹೂ ಬುಟ್ಟಿಗೆ ಬರುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಿದರೆ ಮಾತ್ರ ಸಾಲಿಗೆ ಸಾಲೇ ನೆಲಕ್ಕೆ.

ನನ್ನ ಮಲಯಾಳ ಕೆಟ್ಟದ್ದು ಎಂದು ಅವರಿಗೆ ಹೇಳಬೇಕಿತ್ತು. ಅದು ಬಾಯಿಂದ ಬರಲಿಲ್ಲ. ಚಹಾ ಕೊಟ್ಟು ಕಳಿಸಿದೆ. ಕಟ್ಟುಗಳಿಂದ ಹೂವನ್ನೆಲ್ಲ ಬಿಡಿಸಿ ಅಳಿಯನ ಕೈಯಲ್ಲಿ ಕೊಟ್ಟೆ. ರಾತ್ರಿ ಅಕ್ಕನ ಮೆಸೇಜು ಬಂತು, ಹೂ ಈ ಸಲ ಲಾಯ್ಕ ಉಂಟು ಎಂದು. ಎಣ್ಣೆ ಆಯಿತು. ಮಗು ಮಿಂದಿತು. ಬೋಳಾಗದ ಗಿಡವನ್ನು ಬೋಳು ಮಾಡಿ ಕೂತವಳು ನಾನೊಬ್ಬಳೇ.

ಬಾಣಂತನ ಮುಗಿಸಿ ಅಕ್ಕ ಬಂದಳು. ಆಟೋದಿಂದ ಇಳಿದು ಗೇಟಿನ ಹತ್ತಿರವೇ ನಿಂತಳು. ಬ್ಯಾಗನ್ನು ಕೆಳಗಿಡಲಿಲ್ಲ. ಬೊಬ್ಬೆ ಹಾಕಿದ್ದರೆ ನನಗೆ ಸುಲಭವಾಗುತ್ತಿತ್ತು.

"ಎಂತ ಆಯ್ತು ಇದಕ್ಕೆ?"

"ರಾಘವೇಟ್ಟನ ಮೆಷಿನ್ ತಾಗಿದ್ದು," ಎಂದೆ.

"ಒಂದು ಗಿಡಕ್ಕೆ ತಾಗಬಹುದು, ಎರಡಕ್ಕೆ ತಾಗಬಹುದು. ಸಾಲಿಗೇ ತಾಗುದು ಎಂತ ಮಾರಾಯ್ತಿ? ಆ ಮನುಷ್ಯನಿಗೆ ಕಣ್ಣಿಲ್ಲವಾ?"

ಈಗ ಹೇಳಬೇಕಿತ್ತು. ಹೇಳಲಿಲ್ಲ. ನಾನು ಪೇಟೆಗೆ ಹೋಗಿದ್ದೆ, ಬರುವಾಗ ಹೀಗಾಗಿತ್ತು ಎಂದು ಇನ್ನೊಂದನ್ನೂ ಸೇರಿಸಿದೆ. ಅಲ್ಲಿಗೆ ಒಂದು ಮಾತಿನ ತಪ್ಪು ಇದ್ದದ್ದು ಒಬ್ಬ ಮನುಷ್ಯನ ಮೇಲಿನ ಅಪವಾದವಾಯಿತು.

ಅಕ್ಕ ಜಗಳ ಮಾಡುವ ಪೈಕಿ ಅಲ್ಲ. ಅವಳು ರಾಘವೇಟ್ಟನಿಗೆ ಒಂದು ಮಾತೂ ಆಡಲಿಲ್ಲ, ಕರೆಯುವುದನ್ನು ನಿಲ್ಲಿಸಿದಳು. ಯಾಕೆ ಕರೆಯುವುದಿಲ್ಲ ಎಂದು ಆಚೆ ಈಚೆ ಮನೆಯವರು ಕೇಳಿದರು, ಹೇಳಿದಳು. ಕೇಪಳದ ಸಾಲನ್ನು ಕಣ್ಣಾರೆ ನೋಡಿದವರಿಗೆ ಬೇರೆ ಸಾಕ್ಷಿ ಬೇಕಾ? ನನ್ನ ದಾಸವಾಳ ಉಂಟು, ನನ್ನ ಕ್ರೋಟನ್ ಉಂಟು ಎಂದು ಅವರೂ ಬೇರೆ ಜನ ಹುಡುಕಿದರು. ದಾರಿಯ ಒಂದೊಂದೇ ಮನೆಯ ಹುಲ್ಲು ಅವರ ಕೈ ತಪ್ಪಿತು.

ಒಂದು ದಿನ ಮೀನಿನ ಅಂಗಡಿಯ ಎದುರು ಸಿಕ್ಕಿದರು. ಈಗ ಯಾಕೆ ಕರೆಯುವುದಿಲ್ಲ ಎಂದು ಕೇಳಿದರು. ಹುಲ್ಲು ಅಷ್ಟು ಬಂದಿಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ನಮ್ಮ ಹಿತ್ತಿಲಿನ ಹುಲ್ಲು ದಾರಿಯಿಂದಲೇ ಕಾಣುತ್ತದೆ. ಅವರು ದಿನಾ ಆ ದಾರಿಯಲ್ಲಿ ಹೋಗುವವರು.

ಇಷ್ಟರಲ್ಲಿ ಗಿಡ ತನ್ನ ಕೆಲಸ ತಾನು ಮಾಡುತ್ತಿತ್ತು. ಕಡಿದ ಕಡ್ಡಿಯ ಗಂಟುಗಂಟಿನಲ್ಲಿ ತಾಮ್ರದ ಬಣ್ಣದ ಚಿಗುರು. ಒಂದು ಕಡ್ಡಿ ಇದ್ದಲ್ಲಿ ನಾಲ್ಕು. ಅಕ್ಕ ಮಂಗಲ್ಪಾಡಿಯಿಂದ ಬಂದ ಮರುದಿನವೇ ಬುಡ ಬಿಡಿಸಿದಳು, ಗೇರೆಲೆ ಹಾಸಿದಳು, ಬಾಣಂತಿಯನ್ನು ನೋಡಿಕೊಂಡ ಹಾಗೆ ಗಿಡವನ್ನು ನೋಡಿಕೊಂಡಳು. ನಾನು ಅಕ್ಕಿ ತೊಳೆದ ನೀರನ್ನು ಅವಳಿಗಿಂತ ಮೊದಲೇ ಹೊತ್ತು ತಂದು ಹಾಕುತ್ತಿದ್ದೆ. ನಿನಗೆ ಯಾವಾಗಿನಿಂದ ಇಷ್ಟು ಪ್ರೀತಿ ಎಂದು ಅವಳು ನಗುತ್ತಿದ್ದಳು.

ಕೇಪಳದ ಹೂ ಹೊಸ ಚಿಗುರಿನ ತುದಿಯಲ್ಲಿ ಬರುವುದು. ಚಿಗುರು ಹೆಚ್ಚಾದಷ್ಟು ಹೂ ಹೆಚ್ಚು. ಬೇಸಿಗೆ ಸುರುವಾಗುವಾಗ ಆ ಸಾಲು ಹೂ ಬಿಟ್ಟಿತು ನೋಡಿ, ಎಲೆ ಕಾಣುತ್ತಿರಲಿಲ್ಲ. ಗೇಟಿನಿಂದ ಜಗಲಿಯವರೆಗೆ ಕೆಂಪು. ದಾರಿಯಲ್ಲಿ ಬೈಕು ನಿಲ್ಲಿಸಿ ಜನ ಫೋಟೋ ತೆಗೆದರು. ಆ ಗಿಡದ ಬಗ್ಗೆ, ಅದನ್ನು ಎಬ್ಬಿಸಿದ ಅಕ್ಕನ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆ ಯಾವತ್ತೂ ಆಗಿರಲಿಲ್ಲ. ಈಗಲೂ ಇದೆ. ಯಾರಾದರೂ ಬನ್ನಿ, ತೋರಿಸುತ್ತೇನೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಈ ಅಂಕಣಕ್ಕೆ ಆ ವಾರ ವಿಷಯ ಸಿಕ್ಕಿರಲಿಲ್ಲ. ಕೂತು ಬರೆದೆ. ಟೈಲರಿಗೆ ಕತ್ತರಿ ಎಲ್ಲಿ ಇಡಬೇಕೆಂದು ಗೊತ್ತಿರುತ್ತದೆ, ಬಟ್ಟೆಯಾದರೇನು ಗಿಡವಾದರೇನು ಎಂದೆಲ್ಲ ಬರೆದೆ. ಹಾಳು ಮಾಡಿದ್ದು ಎಂದಾಗ ರಾಘವೇಟ್ಟ, ಚೆಂದ ಮಾಡಿದ್ದು ಎಂದಾಗ ನಾನು! ಅಕ್ಕ ಅದನ್ನು ಓದಿ, ಪೇಪರಿನವರಿಗೆ ಸ್ವಲ್ಪ ಉಪ್ಪುಖಾರ ಬೇಕಲ್ಲ ಎಂದು ನನ್ನನ್ನೇ ಸಮರ್ಥಿಸಿದಳು.

ಕುಂಬ್ಡಾಜೆಯಿಂದ ಓದುಗರೊಬ್ಬರು ಫೋನು ಮಾಡಿದರು. ನಿಮ್ಮ ಲೇಖನ ನೋಡಿ ಮನೆಯ ದಾಸವಾಳವನ್ನು ಮೊಣಕಾಲಿಗೆ ಇಳಿಸಿದೆ, ಅಂದಿನಿಂದ ಹೆಂಡತಿ ಮಾತಾಡುವುದಿಲ್ಲ ಎಂದರು. ಚಿಗುರಿತಾ ಎಂದು ಗಾಬರಿಯಿಂದ ಕೇಳಿದೆ. ಗಿಡ ಚಿಗುರಿತು ಎಂದರು.

ಕಳೆದ ವಾರ ಕೃಷಿಭವನದ ಹೊಸ ಮೇಡಂ ತರಕಾರಿ ಸಸಿ ಹಂಚಿಕೊಂಡು ನಮ್ಮ ದಾರಿಗೆ ಬಂದರು. ತಿರುವನಂತಪುರದವರು. ಅವರ ಮಲಯಾಳ ನಮ್ಮ ಕಿವಿಗೆ ಎಕ್ಸ್‌ಪ್ರೆಸ್ ರೈಲು ಹೋದ ಹಾಗೆ. ಅಕ್ಕನೂ ನಾನೂ ಗೇಟಿನಲ್ಲಿ ನಿಂತಿದ್ದೆವು. ಮೇಡಂ ಕೇಪಳದ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಹತ್ತಿರ ಬಂದು ಒಂದು ಗೆಲ್ಲು ಬಗ್ಗಿಸಿ, ಹಳೆಯ ಕಡಿತದ ಗುರುತನ್ನು ಬೆರಳಿನಿಂದ ಮುಟ್ಟಿದರು. ನನ್ನ ಕಡೆ ತಿರುಗಿ ಕೇಳಿದರು. "ಇದ್ ತೆಟ್ಟಿಯಲ್ಲೇ ಚೇಚೀ?"

ತೆಟ್ಟಿ ಎಂದರೆ ನಮ್ಮ ಕಡೆಯ ಮಲಯಾಳದಲ್ಲಿ ತಪ್ಪಿತು, ತಪ್ಪಾಯಿತು. ಎನಿಕ್ ತೆಟ್ಟಿ ಎಂದರೆ ನನ್ನಿಂದ ತಪ್ಪಾಯಿತು. ಇದು ತಪ್ಪಿಹೋದದ್ದಲ್ಲವಾ ಅಕ್ಕಾ ಎಂದು ಕೇಳಿದ ಹಾಗೆ ನನಗೆ ಕೇಳಿಸಿತು. ಅದೂ ಕಡಿದ ಜಾಗಕ್ಕೇ ಬೆರಳಿಟ್ಟು!

ಸರಕಾರಕ್ಕೂ ಗೊತ್ತಾಯಿತಾ? ತಡೆಯಲಾಗದೆ ಬಾಯಿಬಿಟ್ಟೆ. ನಾನು ಹೂ ಕೊಯ್ಯಲು ಮಾತ್ರ ಹೇಳಿದ್ದು ಮೇಡಂ, ಅವರು ಎರಡು ಸಲ ಕೇಳಿದರು ನಿಜ, ನಾನು ತಲೆ ಎತ್ತಿ ನೋಡಲಿಲ್ಲ, ಮೆಷಿನ್ ಬುಡಕ್ಕೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಮಲಯಾಳದಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಮೇಡಂ ಕಣ್ಣು ಪಿಳಿಪಿಳಿ ಮಾಡಿದರು. ಪೂ ಕೊಯ್ಯುವುದಾ, ಕೊಯ್ಯುವುದು ಗದ್ದೆಯ ನೆಲ್ಲನ್ನಲ್ಲವಾ ಚೇಚೀ ಎಂದು ನಕ್ಕರು. ಮತ್ತೆ ಹೂವಿನ ಗೊಂಚಲನ್ನು ತೋರಿಸಿ ಬಿಡಿಸಿ ಹೇಳಿದರು. ಅವರ ಊರಿನಲ್ಲಿ ಈ ಹೂವಿನ ಹೆಸರೇ ತೆಟ್ಟಿ. ನಿಮ್ಮಲ್ಲಿ ಚೆಕ್ಕಿಯಾ? ಕನ್ನಡದಲ್ಲಿ ಕೇಪಳವಾ? ಒಳ್ಳೆ ಚೆಂದದ ಹೆಸರು ಎಂದು ಮೆಚ್ಚಿಕೊಂಡು, ಇಷ್ಟು ಹೂ ಬಿಟ್ಟ ತೆಟ್ಟಿಯನ್ನು ನಾನು ಎಲ್ಲೂ ನೋಡಿಲ್ಲ ಎಂದು ಹೇಳಿ, ಬದನೆ ಸಸಿ ಕೊಟ್ಟು ಹೊರಟುಹೋದರು.

ಒಂದು ಗಿಡಕ್ಕೆ ಮೂರು ಹೆಸರು ಇಟ್ಟುಕೊಂಡ ರಾಜ್ಯದಲ್ಲಿ ಬದುಕುವುದು ನನಗೆ ಯಾವಾಗಲೂ ಹೆಮ್ಮೆ. ಆವತ್ತು ಮೂರನೇ ಹೆಸರು ನನ್ನನ್ನು ಹಿಡಿದುಕೊಟ್ಟಿತು. ಅಕ್ಕನಿಗೆ ಮಲಯಾಳ ನನ್ನಷ್ಟು ಮಾತಾಡಲು ಬಾರದು. ಅರ್ಥ ಮಾತ್ರ ನನಗಿಂತ ಚೆನ್ನಾಗಿ ಆಗುತ್ತದೆ.

ಬದನೆ ಸಸಿಯನ್ನು ನೆರಳಿನಲ್ಲಿಟ್ಟು ಅವಳು ಜಗಲಿಯಲ್ಲಿ ಕೂತಳು. "ನೀನು ಪೇಟೆಗೆ ಹೋಗಿದ್ದೆ ಅಂದದ್ದು?"

"ಹೋಗಿರಲಿಲ್ಲ."

"ಅವನು ಕೇಳಿದನಾ, ಕೊಯ್ಯುದಾ ಹೇಳಿ?"

"ಎರಡು ಸಲ ಕೇಳಿದರು."

ಅವಳು ಗಿಡದ ಕಡೆ ತಿರುಗಿದಳು. ಬೈಯಲಿ ಎಂದು ಕಾದೆ. ಗಿಡ ಹೋಯಿತು ಎಂದು ಅವಳು ಪಟ್ಟ ಸಂಕಟ, ಗೇಟಿನ ಹತ್ತಿರ ಬ್ಯಾಗ್ ಹಿಡಿದು ನಿಂತ ಆ ಹೊತ್ತು, ಅದಕ್ಕೆಲ್ಲ ಲೆಕ್ಕ ಕೇಳಲಿ ಎಂದು ಕಾದೆ. ಅವಳು ಗಿಡದ ಲೆಕ್ಕವನ್ನೇ ಕೇಳಲಿಲ್ಲ.

"ಕೇಪಳ ಮತ್ತೆ ಬಂತು ಪ್ರೇಮ. ಅದನ್ನು ಬಿಡು. ನಾನು ಈ ದಾರಿಯ ಮನೆ ಮನೆಯಲ್ಲಿ ಆ ಮನುಷ್ಯನಿಗೆ ಕಣ್ಣಿಲ್ಲ ಹೇಳಿಕೊಂಡು ಬಂದಿದ್ದೇನೆ. ಈಗ ನನ್ನ ಬಾಯಿ ಯಾರು ತೊಳೆಯುದು?"

ಸುಳ್ಳು ಹೇಳಿದವಳು ನಾನು. ಅದನ್ನು ಸತ್ಯ ಎಂದು ನಂಬಿ ಹಂಚಿದವಳು ಅವಳು. ಜೀವನದಲ್ಲಿ ಯಾರ ಮೇಲೂ ಒಂದು ಮಾತು ಹೆಚ್ಚು ಆಡದ ನನ್ನ ಅಕ್ಕನ ಬಾಯಿಂದ ನಾನು ಚಾಡಿ ಹೇಳಿಸಿದ್ದೆ. ತಪ್ಪಾಯ್ತು ಎಂದು ಸುರುಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

"ನನ್ನಲ್ಲಿ ಬೇಡ. ಅವನಲ್ಲಿ ಹೇಳು. ಮಲಯಾಳದಲ್ಲಿ ಹೇಳು. ನಿನಗೆ ಬರ್ತದಲ್ಲ."

ಚುಚ್ಚಿತು. ಚುಚ್ಚಬೇಕಾದದ್ದೇ.

ಮನೆಗಳಿಗೆ ಹೋಗುವ ಕೆಲಸವನ್ನು ಅವಳಿಗೆ ಬಿಡಲಿಲ್ಲ. ಆ ಸಂಜೆಯೇ ನಾನೊಬ್ಬಳೇ ಹೋದೆ. ಪ್ರತಿ ಜಗಲಿಯಲ್ಲೂ ನಿಂತು ಕೊಯ್ಯುವುದು, ಪರಿಕ್ಕುವುದು ಎ‌ರಡನ್ನೂ ವಿವರಿಸಿದೆ. ಕೆಲವರು ಹೊಟ್ಟೆ ಹಿಡಿದು ನಕ್ಕರು. ಒಬ್ಬರು ಮುಖ ತಿರುಗಿಸಿದರು. ಬ್ಯಾರಿ ಮನೆಯ ಒಬ್ಬರು ಅಜ್ಜಿ, ನನ್ನ ಹಳೆಯ ಗಿರಾಕಿ, ನಿನ್ನ ಮಲಯಾಳ ಬ್ಲೌಸಿನ ಅಳತೆಗೆ ಮಾತ್ರ ಸಾಕು, ಅಂಗಳಕ್ಕೆ ಇಳಿಸಬೇಡ ಎಂದರು. ಪುಣ್ಯಕ್ಕೆ ಅವರ ಹಿತ್ತಿಲಿನ ಹುಲ್ಲು ಬೇಕಾದಷ್ಟು ಬೆಳೆದಿತ್ತು. ನಾಳೆಯೇ ಕರೆಯುತ್ತೇನೆ ಎಂದೂ ಹೇಳಿದರು.

ರಾತ್ರಿ ಕೂತು ಯೋಚಿಸಿದೆ. ನಮ್ಮಲ್ಲಿ ಕ್ಷಮೆ ಕೇಳುವ ಅಭ್ಯಾಸ ಯಾರಿಗೆ ಉಂಟು? ಕ್ಷಮಿಸಿ ಎನ್ನುವುದು ಮೈಕಿನ ಮುಂದೆ, ಕಾರ್ಯಕ್ರಮ ತಡವಾದಾಗ. ಸಾರಿ ಎನ್ನುವುದು ಬಸ್ಸಿನಲ್ಲಿ ಯಾರದ್ದಾದರೂ ಕಾಲು ತುಳಿದಾಗ. ಮನೆಯಲ್ಲಿ ತಪ್ಪು ಮಾಡಿದರೆ ನಾವು ಮರುದಿನ ಒಳ್ಳೆಯ ಸಾರು ಮಾಡುತ್ತೇವೆ. ಎದುರಿನವರು ಎರಡನೇ ಸಲ ಬಡಿಸಿಕೊಂಡರೆ ಮಾಫಿ ಎಂದು ಲೆಕ್ಕ. ಇಷ್ಟು ಭಾಷೆ ಕಲಿತವಳಿಗೆ ಒಂದರಲ್ಲೂ ಆ ಒಂದು ಮಾತನ್ನು ಹೇಳಿ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಅನಕ್ಷರತೆ ಬೇರೆ ಇದೆಯಾ?

ಮರುದಿನ ಬೆಳಿಗ್ಗೆ ಅಕ್ಕ ರಾಘವೇಟ್ಟನಿಗೆ ಫೋನು ಮಾಡಿ ಬರಹೇಳಿದಳು. ಯಾಕೆಂದು ಹೇಳಲಿಲ್ಲ. ಅವರು ಬಂದರು. ಹೆಗಲಿನಲ್ಲಿ ಮೆಷಿನ್, ಕೈಯಲ್ಲಿ ಪೆಟ್ರೋಲಿನ ಬಾಟಲಿ. ಕೆಲಸಕ್ಕೇ ಕರೆದದ್ದು ಎಂದುಕೊಂಡಿದ್ದರು. ಗೇಟು ದಾಟಿ ಒಳಗೆ ಬಂದವರು ಕೇಪಳದ ಸಾಲಿನ ಮುಂದೆ ನಿಂತರು. ಇಷ್ಟು ದಿನ ದಾರಿಯಿಂದ ಮಾತ್ರ ನೋಡಿದ್ದರು. ಹೂವಿನ ಮೇಲೆ ಚಿಟ್ಟೆಗಳು ಹಾರುತ್ತಿದ್ದವು. ಅವರು ನಿಧಾನಕ್ಕೆ ಮೆಷಿನ್ ಇಳಿಸಿದರು. ನನ್ನನ್ನು ನೋಡಿದರು, ಸಾಲನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಹೋದ ಸಲದ ಹಾಗೆಯೇ, ಕೆಲಸ ಸರಿಯಾಗಬೇಕು ಎಂಬ ಮುಖದಲ್ಲಿ, ಮೆಲ್ಲಗೆ ಕೇಳಿದರು.

"ಇದ್ ಇನಿಯುಂ ಕೊಯ್ಯಣೋ?"

ಇದನ್ನು ಇನ್ನೊಮ್ಮೆ ಕೊಯ್ಯಬೇಕಾ ಎಂದು. ತಮಾಷೆಗಲ್ಲ. ನಿಜಕ್ಕೂ ಕೇಳಿದರು. ಜಗಲಿಯಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ರಾತ್ರಿ ಇಡೀ ಜೋಡಿಸಿಟ್ಟ ವಾಕ್ಯಗಳು ಒಂದೂ ಬಾಯಿಗೆ ಬರಲಿಲ್ಲ. ಎದುರಿಗೆ ಗೇಟಿನಿಂದ ಜಗಲಿಯವರೆಗೆ ಕೆಂಪಗೆ ಅರಳಿ ನಿಂತಿದ್ದ ಹೂವಿನ ಹೆಸರೊಂದೇ ಬಂತು. ಈ ಸಲ ಕಿಟಕಿಯಿಂದ ಕೂಗಲಿಲ್ಲ, ತಲೆ ತಗ್ಗಿಸಿ ಹೊಲಿಯುತ್ತಲೂ ಇರಲಿಲ್ಲ. ಅವರ ಮುಖ ನೋಡಿಕೊಂಡು, ಜಗಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಎನಿಕ್ ತೆಟ್ಟಿ, ರಾಘವೇಟ್ಟಾ."